ರಾಂಪತ್ರೆ, ದಾಲ್ಚಿನ್ನಿ, ಧೂಪ: ಮರ ಉಳಿಸಿಕೊಂಡು ಕೊಯ್ಲು ಮಾಡುವ ಬಗೆ

"ನಮ್ಮ ಬೆಟ್ಟದಲ್ಲಿ ನಾಲ್ಕಾರು ರಾಂಪತ್ರೆ ಮರ ಇವೆ, ಯಾವಾಗ ಕೊಯ್ಯಬೇಕು?" "ದಾಲ್ಚಿನ್ನಿ ಚಕ್ಕೆ ತೆಗೆದ ಮರ ಒಣಗಿ ಹೋಯಿತು, ಯಾಕೆ?" "ಧೂಪ ತೆಗೆಯಲು ಯಾರ ಒಪ್ಪಿಗೆ ಬೇಕು?" ಶಿರಸಿ, ಸಿದ್ದಾಪುರ, ಹೊನ್ನಾವರ, ಸಾಗರ, ಹೊಸನಗರ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಪಶ್ಚಿಮ ಘಟ್ಟದ ಪರಿಮಳದ ಮರಗಳು ಕೆಡಲು ದೊಡ್ಡ ಕಾರಣ ಅವಸರ. ನಾವು ಬಿಟ್ಟರೆ ಇನ್ನೊಬ್ಬರು ಕೊಯ್ದುಕೊಂಡು ಹೋಗುತ್ತಾರೆ ಎಂಬ ಹೆದರಿಕೆಗೆ ಕಾಯಿ ಬಲಿಯುವ ಮೊದಲೇ ಎಲ್ಲರೂ ದೋಟಿ ಹಿಡಿದು ಹೊರಡುತ್ತಾರೆ. ಕೈಗೆ ಎಟುಕದ ಕೊಂಬೆಯನ್ನು ಕಡಿದು ಕೆಡವುತ್ತಾರೆ. ಆದ್ದರಿಂದ ಈ ಬರಹದಲ್ಲಿ ಕೊಯ್ಲಿಗಿಂತ ಮೊದಲು ಊರಿನ ಒಪ್ಪಂದದ ಮಾತು ಬರುತ್ತದೆ. ಅದನ್ನು ಹಾರಿಸಿ ನೇರವಾಗಿ ಕೊಯ್ಲಿನ ಭಾಗಕ್ಕೆ ಹೋಗಬೇಡಿ.

ಯಾವ ಮರದಿಂದ ಏನು ಸಿಗುತ್ತದೆ?

ರಾಂಪತ್ರೆ ಜಾಯಿಕಾಯಿಯ ಕಾಡುನೆಂಟ. ಸಸ್ಯಶಾಸ್ತ್ರದ ಹೆಸರು ಮಿರಿಸ್ಟಿಕಾ ಮಲಬಾರಿಕಾ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲೂ ಇದರ ಹೆಸರಿದೆ. ಕಾಯಿ ಒಡೆದಾಗ ಒಳಗಿನ ಬೀಜವನ್ನು ಬಲೆಯ ಹಾಗೆ ಸುತ್ತಿಕೊಂಡಿರುವ ಕೇಸರಿ ಬಣ್ಣದ ಹೊದಿಕೆಯೇ ಪತ್ರೆ. ಮಸಾಲೆ, ಔಷಧಿಗೆ ಹೋಗುವುದು ಅದು.

ಕಾಡು ದಾಲ್ಚಿನ್ನಿಯಲ್ಲಿ ಎಲೆ, ಚಕ್ಕೆ, ಮೊಗ್ಗು ಮೂರಕ್ಕೂ ಗಿರಾಕಿ ಇದ್ದಾರೆ. ಮೊಗ್ಗು ಎಂದು ಮಾರುವುದು ನಿಜವಾಗಿ ಎಳೆಗಾಯಿ.

ಧೂಪ ಅಂದರೆ ಒಂದೇ ಮರ ಅಲ್ಲ. ಸಾಲುಧೂಪದಿಂದ ಬಿಳಿ ಧೂಪ, ರಾಳಧೂಪದ ಮರದಿಂದ ಕರಿಧೂಪ, ಹೆಮ್ಮರದಿಂದ ಹಾಲುಮಡ್ಡಿ ಸಿಗುತ್ತದೆ. ಮಸಾಲೆ ಅಗರಬತ್ತಿಗೆ ಹಾಕುವುದು ಈ ಹಾಲುಮಡ್ಡಿಯನ್ನೇ. ಮೂರೂ ತೊಗಟೆಯ ಗಾಯದಿಂದ ಒಸರುವ ಅಂಟು.

ಒಂದು ವಿಷಯ ಇಲ್ಲೇ ತಲೆಯಲ್ಲಿ ಇಟ್ಟುಕೊಳ್ಳಿ. ಹಣ್ಣು ಕೊಯ್ದರೆ ಮರಕ್ಕೆ ಪೆಟ್ಟಿಲ್ಲ, ಮುಂದಿನ ತಲೆಮಾರಿಗೆ ಪೆಟ್ಟು. ಎಲೆ ಕೊಯ್ದರೆ ಮರ ಸೊರಗುತ್ತದೆ, ಮತ್ತೆ ಚಿಗುರುತ್ತದೆ. ಅಂಟು ತೆಗೆದರೆ ಗಾಯ ಆಗುತ್ತದೆ. ತೊಗಟೆ ಸುಲಿದರೆ ಮರವೇ ಹೋಗಬಹುದು. ಎಷ್ಟು ಹುಷಾರಾಗಿರಬೇಕು ಅನ್ನುವುದು ಇದೇ ಕ್ರಮದಲ್ಲಿ ಹೆಚ್ಚುತ್ತದೆ.

ಶ್ರೀಗಂಧದ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದಕ್ಕೆ ಬೇರೆಯೇ ಕಾನೂನು ಇದೆ, ಇಲ್ಲಿ ಅದನ್ನು ಎಳೆದು ತರುವುದಿಲ್ಲ.

ಬೇಕಾದ ಸಾಮಾನು

ತುದಿಗೆ ಕೊಕ್ಕೆ ಮತ್ತು ಬಲೆಚೀಲ ಕಟ್ಟಿದ ದೋಟಿ, ಬುಟ್ಟಿ, ನೆಲಕ್ಕೆ ಹಾಸಲು ಹಳೆಯ ಟಾರ್ಪಾಲು ಅಥವಾ ಬಲೆ, ಹರಿತವಾದ ಚಿಕ್ಕ ಕತ್ತಿ, ಟೇಪು, ಬಣ್ಣದ ಡಬ್ಬಿ, ಒಂದು ನೋಟ್ ಪುಸ್ತಕ. ಮರ ಹತ್ತುವುದಾದರೆ ಗಟ್ಟಿ ಹಗ್ಗ, ಸೊಂಟದ ಬೆಲ್ಟು, ಕೆಳಗೆ ಇನ್ನೊಬ್ಬರು. ಕೊಡಲಿ ಮನೆಯಲ್ಲೇ ಇರಲಿ. ಕೈಯಲ್ಲಿ ಇದ್ದರೆ ಬೀಸೋಣ ಅನ್ನಿಸುತ್ತದೆ.

1. ಜಾಗ ಯಾರದ್ದು ಅಂತ ಮೊದಲು ನೋಡಿ

ಸ್ವಂತ ಹಕ್ಕಲು ಅಥವಾ ತೋಟದ ಅಂಚಿನ ಮರವಾದರೆ ತೊಂದರೆ ಕಡಿಮೆ. ಆದರೂ ಮಾಲು ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಪಾಸು ಬೇಕೇ ಎಂದು ಕೇಳಿಕೊಳ್ಳಿ.

ಸೊಪ್ಪಿನ ಬೆಟ್ಟದ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಅಡಿಕೆ ತೋಟಕ್ಕೆ ಬೆಟ್ಟ ಬಿಟ್ಟಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲಿನಂಥ ಸ್ವಂತ ಬಳಕೆಗೆ. ನೆಲ ಅರಣ್ಯವೇ. ಅಲ್ಲಿನ ರಾಂಪತ್ರೆಯನ್ನು ಮಾರಲು ನಿಮಗೆ ತಾನಾಗಿ ಹಕ್ಕು ಬಂದಿದೆ ಎಂದುಕೊಳ್ಳಬೇಡಿ. ಆ ಭಾಗದ ಸಂಗ್ರಹವನ್ನು ಇಲಾಖೆ ಟೆಂಡರ್‌ನಲ್ಲಿ ಗುತ್ತಿಗೆದಾರರಿಗೆ ಕೊಟ್ಟಿರಬಹುದು. ಗ್ರಾಮ ಅರಣ್ಯ ಸಮಿತಿಗೋ, ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೋ ಬಿಟ್ಟಿರಲೂಬಹುದು. ವಿಚಾರಿಸಿಕೊಂಡು ಕೈ ಹಾಕಿ.

ಅರಣ್ಯ ಹಕ್ಕು ಕಾಯ್ದೆ, 2006 ಇಲ್ಲಿ ದೊಡ್ಡ ಆಸರೆ. ಕಾಡನ್ನೇ ನಂಬಿ ಬದುಕುವ ಬುಡಕಟ್ಟು ಕುಟುಂಬಗಳಿಗೂ, 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ನೆಲೆಸಿದ ಇತರ ಅರಣ್ಯವಾಸಿಗಳಿಗೂ ಇದು ಅನ್ವಯ. ಹಿಂದಿನಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನದ ಮೇಲೆ ಇವರಿಗೆ ಒಡೆತನದ ಹಕ್ಕು ಕೊಡುತ್ತದೆ. ಕಿರು ಅರಣ್ಯ ಉತ್ಪನ್ನ ಅಂದರೆ ನಾಟಾ ಬಿಟ್ಟು ಗಿಡಮರದಿಂದ ಸಿಗುವ ಬಿದಿರು, ಬೆತ್ತ, ಜೇನು, ಗಿಡಮೂಲಿಕೆ, ಬೇರು ಮುಂತಾದವು. ಸಮುದಾಯದ ಹಕ್ಕಿಗೆ ಗ್ರಾಮಸಭೆಯ ಮೂಲಕ ನಮೂನೆ ಬಿಯಲ್ಲಿ ಅರ್ಜಿ ಹಾಕಬೇಕು. ಕಾಡನ್ನು ನೋಡಿಕೊಳ್ಳುವ ಹಕ್ಕೂ ಬೇಕೆಂದರೆ ನಮೂನೆ ಸಿ. 2012ರ ತಿದ್ದುಪಡಿಯ ನಂತರ ಸಾಗಣೆ ಪಾಸು ಕೊಡುವ ಅಧಿಕಾರ ಗ್ರಾಮಸಭೆ ನೇಮಿಸಿದ ಸಮಿತಿಗೆ ಬಂದಿದೆ. ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿದ್ದು ಇದೇ ಕಾಯ್ದೆಯಲ್ಲಿ. ಅಭಯಾರಣ್ಯದ ಒಳಗೆ ಸಂಗ್ರಹ ನಿಂತು ಹೋಗಿದ್ದ ಜನ ಅವರು.

ಎಚ್ಚರಿಕೆ: ಹಕ್ಕುಪತ್ರ ಇಲ್ಲದೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಮಾರಾಟಕ್ಕೆಂದು ಏನನ್ನೂ ಕೊಯ್ಯಬೇಡಿ. "ಎಲ್ಲರೂ ತರ್ತಾರೆ" ಅನ್ನುವ ಮಾತು ಕೇಸಿನಲ್ಲಿ ನಿಲ್ಲುವುದಿಲ್ಲ.

2. ಮರ ಎಣಿಸಿ

ಎಣಿಸದೆ ಎಷ್ಟು ಕೊಯ್ಯಬಹುದು ಅಂತ ಹೇಳಲು ಯಾರಿಂದಲೂ ಆಗದು. ಕಷ್ಟದ ಕೆಲಸ ಏನಲ್ಲ. ನೂರು ಮೀಟರ್ ಉದ್ದಕ್ಕೆ ನೇರ ನಡೆಯಿರಿ. ಎಡಕ್ಕೆ ಐದು, ಬಲಕ್ಕೆ ಐದು ಮೀಟರ್ ಒಳಗಿರುವ ನಿಮ್ಮ ಜಾತಿಯ ಗಿಡಗಳನ್ನೆಲ್ಲ ಮೂರು ಗುಂಪಾಗಿ ಬರೆಯಿರಿ: ಮೊಣಕಾಲಿಗಿಂತ ಕೆಳಗಿನ ಸಸಿ, ಆಳೆತ್ತರದ ಗಿಡ, ಕಾಯಿ ಬಿಡುವ ಮರ. ಕಾಡಿನ ಬೇರೆ ಬೇರೆ ಕಡೆ ನಾಲ್ಕೈದು ಸಾಲು ಹೀಗೆ ನಡೆದರೆ ಸಾಕು. ಬೇಸಾಯ ಕಡಿಮೆ ಇರುವ ದಿನ ಇಬ್ಬರು ಸೇರಿ ಮಾಡಿ. ಉಂಬಳ (ಜಿಗಣೆ) ಇರುವ ಕಾಲ ಬಿಟ್ಟು ಹೋದರೆ ಲೆಕ್ಕವೂ ನೆಟ್ಟಗೆ ಬರುತ್ತದೆ.

ಸಸಿ ತುಂಬ, ಗಿಡ ಸ್ವಲ್ಪ, ಮರ ಇನ್ನೂ ಕಡಿಮೆ ಇದ್ದರೆ ಕಾಡು ಸರಿಯಾಗಿದೆ. ದೊಡ್ಡ ಮರ ಮಾತ್ರ ಇದ್ದು ಸಸಿಯೇ ಇಲ್ಲದಿದ್ದರೆ, ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಅಜ್ಜ ಅಜ್ಜಿ ಮಾತ್ರ ಉಳಿದ ಹಳ್ಳಿಯ ಹಾಗೆ. ಇವತ್ತು ಫಸಲು ಜಾಸ್ತಿ ಕಾಣಬಹುದು, ಆದರೆ ಮುಂದೆ ಮರ ಇಲ್ಲ. ಅಂಥ ಕಡೆ ಕೊಯ್ಲನ್ನು ಕೆಲವು ವರ್ಷ ನಿಲ್ಲಿಸಿ.

ರಾಂಪತ್ರೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡದ ಮರವನ್ನು "ದಂಡಕ್ಕೆ ನಿಂತಿದೆ" ಎಂದು ಕಡಿಯುವವರಿದ್ದಾರೆ. ಅದು ಗಂಡು ಮರ ಆಗಿರಬಹುದು. ಅದರ ಹೂವಿನ ಪರಾಗ ಇಲ್ಲದಿದ್ದರೆ ಸುತ್ತಲಿನ ಹೆಣ್ಣು ಮರಗಳಿಗೆ ಕಾಯಿ ಕಚ್ಚುವುದಿಲ್ಲ. ಗಂಡು ಮರಕ್ಕೆ ಬಣ್ಣದಲ್ಲಿ ಗುರುತು ಹಾಕಿ, ಕಡಿಯಬೇಡಿ ಅಂತ ಎಲ್ಲರಿಗೂ ಹೇಳಿ.

ಎಣಿಸಿದ್ದನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಪ್ರತಿ ಕೊಡಿ. ಜನತಾ ಜೀವವೈವಿಧ್ಯ ದಾಖಲಾತಿಗೆ ಇದು ಸೇರಿದರೆ ನಾಳೆ ವಾದ ಬಂದಾಗ ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.

3. ಕೊಯ್ಲಿನ ತಾರೀಖು ಊರೇ ಗೊತ್ತು ಮಾಡಲಿ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಮುಖ್ಯವಾದ ಹಂತ ಇದು. ಒಬ್ಬರೇ ನಿಯಮ ಪಾಲಿಸಿದರೆ ಅವರಿಗೆ ನಷ್ಟ, ಅಷ್ಟೇ. ಕಾಯಿ ಒಡೆಯಲಿ ಎಂದು ನೀವು ಕಾಯುತ್ತೀರಿ, ಪಕ್ಕದವರು ಎಳೆಗಾಯಿಯನ್ನೇ ಚೀಲ ತುಂಬುತ್ತಾರೆ. ಮುಂದಿನ ವರ್ಷ ನೀವೂ ಅದನ್ನೇ ಮಾಡುತ್ತೀರಿ. ಬೇರೆ ದಾರಿ ಇರುವುದಿಲ್ಲ ಅಲ್ವಾ?

ಹಾಗಾಗಿ ಗ್ರಾಮಸಭೆಯಲ್ಲೋ ಅರಣ್ಯ ಸಮಿತಿಯಲ್ಲೋ ಇವಿಷ್ಟನ್ನು ಬರೆದು ಸಹಿ ಹಾಕಿಸಿ. ಯಾವ ದಿನದಿಂದ ಕೊಯ್ಲು ಶುರು. ಯಾವ ಮನೆಯವರು ಯಾವ ಕಡೆ. ಯಾವ ಮರಗಳನ್ನು ಈ ವರ್ಷ ಮುಟ್ಟುವುದಿಲ್ಲ. ನಿಯಮ ಮುರಿದರೆ ಏನು ದಂಡ, ದುಡ್ಡು ಯಾವ ಕೆಲಸಕ್ಕೆ. ಮೊದಲ ಕಾಯಿ ಒಡೆದದ್ದು ಕಂಡ ಮೇಲೆ ತಾರೀಖು ಗೊತ್ತು ಮಾಡುವುದು ಒಳ್ಳೆಯದು. ಪಂಚಾಂಗ ನೋಡಿ ಮೊದಲೇ ಇಟ್ಟ ದಿನ ಪ್ರತಿ ವರ್ಷ ಹೊಂದುವುದಿಲ್ಲ. ಮಳೆ, ಎತ್ತರ, ಬಿಸಿಲಿಗೆ ತಕ್ಕಂತೆ ಹಣ್ಣಾಗುವುದು ಹಿಂದೆ ಮುಂದೆ ಆಗುತ್ತದೆ.

ಖರೀದಿ ಮಾಡುವವರನ್ನೂ ಈ ಒಪ್ಪಂದಕ್ಕೆ ಕರೆತನ್ನಿ. ಎಳೆಯ ಪತ್ರೆಗೂ ಬಲಿತ ಪತ್ರೆಗೂ ಒಂದೇ ದರ ಕೊಟ್ಟರೆ ಯಾವ ಸಭೆಯ ಠರಾವೂ ಉಳಿಯದು. ಊರು ಹೇಳಿದ ದಿನಕ್ಕಿಂತ ಮೊದಲು ಬಂದ ಮಾಲನ್ನು ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಅವರಿಂದ ಬರಬೇಕು. ಇದು ಸುಲಭವಲ್ಲ, ಗೊತ್ತು. ಊರಿನ ಮಾಲೆಲ್ಲ ಒಟ್ಟಿಗೆ ಮಾರುತ್ತೇವೆ ಎಂದಾಗ ಮಾತ್ರ ಅವರು ಕೇಳುತ್ತಾರೆ.

4. ರಾಂಪತ್ರೆ ಕೊಯ್ಯುವುದು

ಕಾಯಿ ಎರಡು ಹೋಳಾಗಿ ಬಿರಿಯಲು ಶುರುವಾದಾಗ ಪತ್ರೆ ಬಲಿತಿದೆ ಎಂದು ಅರ್ಥ. ಎಳೆಗಾಯಿಯ ಪತ್ರೆ ತೆಳು, ಬಣ್ಣ ಕಮ್ಮಿ, ಒಣಗಿದಾಗ ತೂಕವೂ ಇಲ್ಲ. ಬೀಜ ಬಲಿಯದೆ ಇರುವುದರಿಂದ ಸಸಿಯೂ ಆಗುವುದಿಲ್ಲ. ಎರಡೂ ಕಡೆ ನಷ್ಟ.

ಮೊದಲು ಮರದ ಬುಡದಲ್ಲಿ ಕಳೆ ಸವರಿ ಬಲೆ ಹಾಸಿ, ಬಿದ್ದದ್ದನ್ನು ದಿನವೂ ಆರಿಸಿ. ಮಳೆಗೆ ನೆಲದಲ್ಲೇ ಉಳಿದ ಪತ್ರೆ ಬೇಗ ಬೂಸು ಹಿಡಿಯುತ್ತದೆ. ಕೆಳಗಿನ ಕೊಂಬೆಗೆ ದೋಟಿ ಸಾಕು. ಕೊಕ್ಕೆಯಿಂದ ಕಾಯಿಯ ತೊಟ್ಟನ್ನು ಮಾತ್ರ ತಿರುಚಿ. ಕೊಂಬೆ ಎಳೆದು ಮುರಿದರೆ ಮುಂದಿನ ಹೂ ಬಿಡುವ ರೆಂಬೆಯೇ ಹೋಯಿತು. ಮಳೆಯಲ್ಲಿ ತೊಗಟೆ ಜಾರುತ್ತದೆ, ಹಾವಸೆ ಹಿಡಿದ ಮರ ಹತ್ತಲೇಬೇಡಿ. ತುದಿಯ ಕಾಯಿ ಮಂಗಟ್ಟೆಗೆ ಬಿಡಿ.

ಮಂಗಟ್ಟೆ ಹಕ್ಕಿ ಪತ್ರೆಗಾಗಿಯೇ ಬೀಜ ನುಂಗುತ್ತದೆ, ದೂರ ಹೋಗಿ ಬೀಜವನ್ನು ಉಗುಳುತ್ತದೆ. ಇಷ್ಟು ದಪ್ಪ ಬೀಜವನ್ನು ನುಂಗಿ ಒಯ್ಯುವ ಹಕ್ಕಿಗಳು ಕಾಡಿನಲ್ಲಿ ಹೆಚ್ಚಿಲ್ಲ. ಹಕ್ಕಿಗೆ ಪಾಲು ಇಲ್ಲದಿದ್ದರೆ ಬೀಜವೆಲ್ಲ ತಾಯಿಮರದ ಬುಡದಲ್ಲೇ ಬಿದ್ದು ಹುಳ, ಇಲಿಯ ಪಾಲಾಗುತ್ತದೆ. ಶುರುವಿಗೆ ನಾನು ಹೇಳುವ ಅಳತೆ ಇದು: ಪ್ರತಿ ಮರದಲ್ಲಿ ಕಾಲು ಭಾಗ ಕಾಯಿ ಬಿಡಿ. ಅದರ ಜೊತೆಗೆ ಹತ್ತು ಹೆಣ್ಣು ಮರಕ್ಕೆ ಎರಡನ್ನು ಪೂರ್ತಿ ಬಿಟ್ಟುಬಿಡಿ. ಎರಡನೇ ಹಂತದ ಎಣಿಕೆಯಲ್ಲಿ ಸಸಿ ಕಡಿಮೆ ಕಂಡರೆ ಬಿಡುವ ಪಾಲು ಹೆಚ್ಚಿಸಿ.

ಎಚ್ಚರಿಕೆ: ರಾಂಪತ್ರೆ ಜಡ್ಡಿಯಲ್ಲಿ ಕೊಯ್ಲು ಬೇಡ. ಜಡ್ಡಿ ಅಂದರೆ ವರ್ಷವಿಡೀ ನೀರು ನಿಂತಿರುವ ಜೌಗು ಕಾಡು. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಇದಕ್ಕೆ ಹೆಸರಾದ ಜಾಗ. ಅಲ್ಲಿ ರಾಂಪತ್ರೆಯ ಬಳಗದ ಬೇರೆ ಅಪರೂಪದ ಮರಗಳಿವೆ. ನೆಲದಿಂದ ಮಂಡಿಯ ಹಾಗೆ ಎದ್ದ ಬೇರುಗಳಿಂದಲೇ ಅವು ಉಸಿರಾಡುತ್ತವೆ. ಆ ಕೆಸರಿನಲ್ಲಿ ಓಡಾಡಿದರೇ ಬೇರಿಗೆ ಪೆಟ್ಟು.

5. ಒಣಗಿಸುವುದು

ಕೊಯ್ದ ದಿನವೇ ಪತ್ರೆ ಬಿಡಿಸಿ. ಹರಿಯದೆ ಇಡಿಯಾಗಿ ಬಂದರೆ ದರ ಚೆನ್ನಾಗಿರುತ್ತದೆ. ತೆಳ್ಳಗೆ ಒಂದೇ ಪದರ ಹರಡಿ. ಮಳೆ ಹಿಡಿಯುವ ಹೊತ್ತಿನ ಕೊಯ್ಲಾದ್ದರಿಂದ ಬಿಸಿಲನ್ನು ನಂಬಿ ಕೂರುವಂತಿಲ್ಲ. ಎರಡು ದಿನ ಮೋಡ ಕವಿದರೆ ಬೂಸು ಬರುತ್ತದೆ. ಬೂಸಿನ ಕೆಲವು ಜಾತಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಒರೆಸಿದರೆ, ಮತ್ತೆ ಒಣಗಿಸಿದರೆ ಅದು ಹೋಗುವುದಿಲ್ಲ. ಬೂಸು ಬಂದ ಪತ್ರೆಯನ್ನು ಒಳ್ಳೆಯದರ ಜೊತೆ ಬೆರೆಸಿದರೆ ಇಡೀ ಚೀಲ ಕೆಟ್ಟ ಹಾಗೆ.

ಅಡಿಕೆಗೋ ಏಲಕ್ಕಿಗೋ ಇರುವ ಡ್ರೈಯರ್‌ನಲ್ಲಿ 50ರಿಂದ 55 ಡಿಗ್ರಿ ಸೆಲ್ಸಿಯಸ್ ಇಟ್ಟು ಒಣಗಿಸಬಹುದು. ಅದಕ್ಕಿಂತ ಬಿಸಿಯಾದರೆ ಪರಿಮಳದ ಎಣ್ಣೆ ಹಾರಿ ಹೋಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ವಾಸನೆ ಕೂರುತ್ತದೆ, ಬಣ್ಣ ಕಪ್ಪಾಗುತ್ತದೆ. ಇನ್ನೊಂದು ವಿಷಯ: ಉಪ್ಪಾಗೆ ಎಂಬ ಕಾಡುಹಣ್ಣಿನ ಸಿಪ್ಪೆ ಒಣಗಿಸಲು ಕಾಡಿನಿಂದ ರಾಶಿ ಸೌದೆ ಹೋಗುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ರಾಂಪತ್ರೆಗೂ ಅದೇ ದಾರಿ ಹಿಡಿದರೆ ಒಂದು ಮರ ಉಳಿಸಲು ಹೋಗಿ ಹತ್ತು ಮರ ಸುಟ್ಟಂತೆ. ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಮನೆಯನ್ನು ನಾಲ್ಕೈದು ಮನೆಯವರು ಸೇರಿ ಹಾಕಿಕೊಂಡರೆ ಖರ್ಚೂ ಹಂಚಿಹೋಗುತ್ತದೆ.

ಕೈಯಲ್ಲಿ ಮುರಿದರೆ ಪಟ್ಟನೆ ತುಂಡಾಗುವಷ್ಟು ಒಣಗಬೇಕು. ತಣ್ಣಗಾದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ.

6. ಬೀಜ ಕಾಡಿಗೆ ವಾಪಸ್

ರಾಂಪತ್ರೆಯಲ್ಲಿ ಒಂದು ಅನುಕೂಲ ಇದೆ. ದುಡ್ಡು ಬರುವುದು ಪತ್ರೆಯಿಂದ, ಮರ ಹುಟ್ಟುವುದು ಬೀಜದಿಂದ. ಎರಡನ್ನೂ ಉಳಿಸಿಕೊಳ್ಳಬಹುದು. ಆದರೆ ಹೆಚ್ಚಿನವರು ಬೀಜವನ್ನು ಅಂಗಳದ ಮೂಲೆಯಲ್ಲಿ ರಾಶಿ ಹಾಕಿ, ಪುರುಸೊತ್ತಾದಾಗ ಎಸೆಯುತ್ತಾರೆ. ಅಷ್ಟು ಹೊತ್ತಿಗೆ ಅದು ಸತ್ತಿರುತ್ತದೆ. ಇದು ಭತ್ತ, ರಾಗಿಯ ಹಾಗೆ ಒಣಗಿಸಿ ಇಡುವ ಬೀಜ ಅಲ್ಲ. ತೇವ ಆರಿದರೆ ಜೀವವೂ ಹೋಗುತ್ತದೆ.

ಪತ್ರೆ ಬಿಡಿಸಿದ ಬೀಜವನ್ನು ಅದೇ ದಿನ ಒದ್ದೆ ಮರಳಿನಲ್ಲಿ ಹೂತಿಡಿ, ಕೆಲವೇ ದಿನಗಳಲ್ಲಿ ಬಿತ್ತಿ. ಅರ್ಧ ಕಾಡಿಗೆ, ಅರ್ಧ ನರ್ಸರಿಗೆ ಅಂತ ಇಟ್ಟುಕೊಳ್ಳಿ. ಕಾಡಿನಲ್ಲಿ ತಾಯಿಮರದಿಂದ ದೂರ, ನೆರಳು ಮತ್ತು ತೇವ ಇರುವ ಕಡೆ, ದರಕಿನ ಕೆಳಗೆ ಒಂದೊಂದೇ ಊರಿ. ನರ್ಸರಿಯಲ್ಲಿ ಆಳವಾದ ಚೀಲ ಬೇಕು, ನೆರಳು ಬೇಕು. ಮೊಳಕೆ ನಿಧಾನ. ಬರಲಿಲ್ಲ ಅಂತ ಬೇಗ ಚೀಲ ಸುರುವಬೇಡಿ.

ಬೀಜದ ಸಸಿ ಗಂಡೋ ಹೆಣ್ಣೋ ಎಂದು ಹೂ ಬರುವವರೆಗೆ ತಿಳಿಯುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ಬೇಕು. ತೋಟದ ಅಂಚಿಗೆ ನೆಡುವವರು ಕಸಿ ಸಸಿ ಹಾಕುವುದು ಒಳ್ಳೆಯದು. ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರದ ಕಡ್ಡಿಯನ್ನು ಸಸಿಗೆ ಕಟ್ಟುತ್ತಾರೆ. ಕಡ್ಡಿ ಆರಿಸುವಾಗ ನೋಡಿ: ನೇರ ಮೇಲೆ ಹೋಗುವ ಚಿಗುರಿನ ಕಡ್ಡಿ ಮರವಾಗಿ ಎದ್ದು ನಿಲ್ಲುತ್ತದೆ. ಅಡ್ಡ ಕೊಂಬೆಯ ಕಡ್ಡಿ ಪೊದೆಯ ಹಾಗೆ ಹರಡಿಕೊಳ್ಳುತ್ತದೆ. ಜಾಯಿಕಾಯಿ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಹತ್ತು ಹೆಣ್ಣು ಕಸಿಗೆ ಒಂದು ಗಂಡು ಇರಲಿ. ಆದರೆ ಕಾಡಿನೊಳಗೆ ಕಸಿ ಬೇಡ, ಅಲ್ಲಿ ಬೀಜದ ಸಸಿಯೇ ಸರಿ. ಎಲ್ಲ ಮರ ಒಂದೇ ತಾಯಿಯದ್ದಾದರೆ ಒಂದು ರೋಗ ಬಂದರೂ ಎಲ್ಲಕ್ಕೂ ಬರುತ್ತದೆ.

7. ದಾಲ್ಚಿನ್ನಿ: ಕಾಡಿನ ಮರದ ಚಕ್ಕೆ ಬಿಡಿ

ನೇರವಾಗಿ ಹೇಳುತ್ತೇನೆ. ಕಾಡಿನ ದಾಲ್ಚಿನ್ನಿ ಮರದ ಕಾಂಡದಿಂದ ಚಕ್ಕೆ ಸುಲಿಯುವುದನ್ನು ಬಿಟ್ಟುಬಿಡಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ಸುಲಿದರೆ ಬೇರು ಉಪವಾಸ ಬಿದ್ದು ಮರ ಒಣಗುತ್ತದೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಒಂದು ಪಟ್ಟಿ ಮಾತ್ರ ಸುಲಿದರೂ ಆ ಗಾಯದಲ್ಲಿ ಹುಳ, ಶಿಲೀಂಧ್ರ ಸೇರುತ್ತದೆ.

ಚಕ್ಕೆ ಬೇಕಿದ್ದರೆ ತೋಟದ ದಾಲ್ಚಿನ್ನಿ ನೆಡಿ. ಕೋಝಿಕ್ಕೋಡ್‌ನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ನವಶ್ರೀ, ನಿತ್ಯಶ್ರೀ ತಳಿಗಳಿವೆ. ಗಿಡವನ್ನು ನೆಲದ ಹತ್ತಿರ ಕಡಿದರೆ ಬುಡದಿಂದ ಹಲವು ಚಿಗುರು ಏಳುತ್ತವೆ. ಎರಡು ವರ್ಷದ, ಹೆಬ್ಬೆರಳು ದಪ್ಪದ ಕೋಲುಗಳನ್ನು ಕಡಿದು ಸುಲಿಯಬೇಕು. ಕೆಂಪು ಚಿಗುರು ಹಸಿರಿಗೆ ತಿರುಗಿದ ಹೊತ್ತಿನಲ್ಲಿ ತೊಗಟೆ ಸಲೀಸಾಗಿ ಬಿಡುತ್ತದೆ. ಹೀಗೆ ಮಾಡಿದರೆ ಗಿಡ ವರ್ಷಗಟ್ಟಲೆ ಕೊಡುತ್ತದೆ.

ಕಾಡಿನ ಮರದಿಂದ ಎಲೆ ಕೊಯ್ಯಬಹುದು. ಬಲಿತ ಎಲೆಯನ್ನೇ, ಕೆಳಗಿನ ಕೊಂಬೆಯಿಂದಲೇ. ಮರವನ್ನು ಬೋಳಿಸಬೇಡಿ, ಮರುವರ್ಷ ಬೇರೆ ಮರಕ್ಕೆ ಹೋಗಿ. ಮೊಗ್ಗಿನ ವಿಷಯದಲ್ಲಿ ಜಾಸ್ತಿ ಹುಷಾರಾಗಿರಬೇಕು. ಅದು ಎಳೆಗಾಯಿ ಆದ್ದರಿಂದ ಕೊಯ್ದಷ್ಟೂ ಬೀಜ ಕಡಿಮೆ. ಕೊಂಬೆ ಕಡಿದು ಕೆಳಗೆ ಕೂತು ಬಿಡಿಸುವ ಪದ್ಧತಿಯನ್ನು ಊರಿನ ನಿಯಮದಲ್ಲಿ ನಿಲ್ಲಿಸಿ.

8. ಧೂಪ, ಹಾಲುಮಡ್ಡಿ

ತಾನಾಗಿ ಒಸರಿ ಗಟ್ಟಿಯಾದ ಧೂಪ ಸಿಕ್ಕರೆ ಅದನ್ನು ಮಾತ್ರ ಕೆರೆದು ತನ್ನಿ. ಗಾಯ ಮಾಡಲೇಬೇಕು ಎಂದಾದರೆ ಒಂದು ಸಂಗತಿ ತಿಳಿದಿರಬೇಕು. ತೊಗಟೆಗೂ ಮರಕ್ಕೂ ನಡುವೆ ಕಾಗದದಷ್ಟು ತೆಳುವಾದ, ಬೆಳೆಯುವ ಪದರ ಇದೆ. ಅದಕ್ಕೆ ಕೇಂಬಿಯಂ ಅನ್ನುತ್ತಾರೆ. ಗಾಯ ಮಾಯುವುದು ಅದರಿಂದ. ಕತ್ತಿ ತೊಗಟೆಯಲ್ಲೇ ನಿಂತರೆ ಗಾಯ ಮುಚ್ಚುತ್ತದೆ. ಬಿಳಿ ಮರ ಕಂಡರೆ ಆಳಕ್ಕೆ ಹೋಯಿತು ಎಂದೇ ಲೆಕ್ಕ.

ಎಳೆಯ ಮರಕ್ಕೆ ಕತ್ತಿ ತಾಗಿಸಬೇಡಿ. ಒಣ ಹವೆಯಲ್ಲಿ, ಅಂಗೈ ಅಗಲಕ್ಕಿಂತ ಚಿಕ್ಕ ಗಾಯ ಮಾಡಿ. ಎಲ್ಲ ಗಾಯ ಸೇರಿ ಮರದ ಸುತ್ತಳತೆಯ ಮೂರರಲ್ಲಿ ಒಂದು ಪಾಲು ದಾಟದಿರಲಿ. ಮಳೆಗೆ ಮೊದಲು ನಿಲ್ಲಿಸಿ. ಒಂದು ವರ್ಷ ತೆಗೆದ ಮರಕ್ಕೆ ಮುಂದಿನ ವರ್ಷ, ಸಾಧ್ಯವಾದರೆ ಎರಡು ವರ್ಷ, ವಿಶ್ರಾಂತಿ ಕೊಡಿ. ಹಳೆಯ ಗಾಯ ಮುಚ್ಚಿಲ್ಲ ಎಂದರೆ ಇನ್ನೂ ಕಾಯಿರಿ.

ಎಚ್ಚರಿಕೆ: ಅಂಟು ಜಾಸ್ತಿ ಬರಲಿ ಎಂದು ಕರಿಧೂಪದ ಮರದ ಬುಡಕ್ಕೆ ಬೆಂಕಿ ಹಾಕುವವರಿದ್ದಾರೆ. ಆ ವರ್ಷ ಧೂಪ ಇಳಿಯುತ್ತದೆ, ನಿಜ. ಬುಡ ಸುಟ್ಟ ಮರ ಪೊಳ್ಳಾಗಿ ಗಾಳಿಗೆ ಉರುಳುತ್ತದೆ. ಒಣಗಿದ ದರಕಿಗೆ ಕಿಡಿ ಹತ್ತಿದರೆ ಕಾಡಿಗೇ ಬೆಂಕಿ.

9. ಮಾರಾಟ ಮತ್ತು ಲೆಕ್ಕ

ರಾಂಪತ್ರೆಯನ್ನು ರಾಂಪತ್ರೆ ಎಂದೇ ಮಾರಿ. ಜಾಯಿಕಾಯಿಯ ಜಾಪತ್ರೆಗೆ ಇದನ್ನು ಬೆರೆಸುವುದು ಹಳೆಯ ಚಾಳಿ. ರಾಂಪತ್ರೆಗೆ ಬಣ್ಣ ಗಾಢ, ಪರಿಮಳ ಕಡಿಮೆ. ಪ್ರಯೋಗಾಲಯದಲ್ಲಿ ಬೆರಕೆ ಸಿಕ್ಕಿಬೀಳುತ್ತದೆ, ಆಮೇಲೆ ಊರಿನ ಹೆಸರಿನ ಮಾಲನ್ನು ಯಾರೂ ಕೇಳುವುದಿಲ್ಲ.

ಇಡಿ ಪತ್ರೆ, ಚೂರು, ಬಣ್ಣ ಕೆಟ್ಟದ್ದು ಎಂದು ಮೂರು ಭಾಗ ಮಾಡಿ ಬೇರೆ ಬೇರೆ ದರ ಕೇಳಿ. ಒಬ್ಬೊಬ್ಬರೇ ಅರ್ಧ ಚೀಲ ಹೊತ್ತು ಹೋಗುವುದಕ್ಕಿಂತ ಸೊಸೈಟಿ ಅಥವಾ ಸಂಘದ ಮೂಲಕ ಒಟ್ಟಿಗೆ ಕೊಡಿ.

ನೋಟ್ ಪುಸ್ತಕದಲ್ಲಿ ಪ್ರತಿ ಮರದ ಗುರುತು, ಕೊಯ್ದ ದಿನ, ಹಸಿ ತೂಕ, ಒಣ ತೂಕ, ಬಿಟ್ಟ ಕಾಯಿ, ಬಿತ್ತಿದ ಬೀಜ ಬರೆಯುತ್ತ ಹೋಗಿ. ಎರಡು ಮೂರು ವರ್ಷಕ್ಕೊಮ್ಮೆ ಅದೇ ಸಾಲುಗಳಲ್ಲಿ ಮತ್ತೆ ನಡೆದು ಸಸಿ ಎಣಿಸಿ. ಒಂದೇ ವರ್ಷ ಇಳುವರಿ ಬಿದ್ದರೆ ಗಾಬರಿ ಬೇಡ. ಕಾಡಿನ ಮರ ಪ್ರತಿ ವರ್ಷ ಒಂದೇ ಸಮ ಬಿಡುವುದಿಲ್ಲ. ಇಳುವರಿ ಹಾಗೇ ಇದ್ದು ಸಸಿ ಕಡಿಮೆಯಾಗುತ್ತ ಬಂದರೆ ಆ ಪುಸ್ತಕ ಹಿಡಿದುಕೊಂಡು ಮೂರನೇ ಹಂತದ ಸಭೆ ಮತ್ತೆ ಕರೆಯಿರಿ, ಕೊಯ್ಯದೆ ಬಿಡುವ ಮರಗಳ ಪಟ್ಟಿಗೆ ಇನ್ನಷ್ಟು ಮರ ಸೇರಿಸಿ.